ನುಂಗುವ ಮೊದಲು ಕೇಳಬೇಕಾದ ಮಾತು

ನಮ್ಮ ಅಮ್ಮಿ ದೊಡ್ಡ ಮಾತ್ರೆಗಳನ್ನು ಎಂದೂ ಇಡಿಯಾಗಿ ನುಂಗಿದವರಲ್ಲ. ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಂದೊಂದು ಹೋಳಿಗೂ ಅರ್ಧ ಲೋಟ ನೀರು ಕುಡಿದು, ಕತ್ತು ಮೇಲೆತ್ತಿ 'ಬಿಸ್ಮಿಲ್ಲಾ' ಎಂದು ಇಳಿಸುತ್ತಿದ್ದರು. ಹಾಗಾಗಿ 2023ರ ಫೆಬ್ರವರಿಯಲ್ಲಿ ಡಾಕ್ಟರಮ್ಮ, "ನಿಮ್ಮ ತಾಯಿ ಒಂದು ಕ್ಯಾಮೆರಾ ನುಂಗಬೇಕಾಗುತ್ತದೆ" ಎಂದಾಗ ನಾವು ನಾಲ್ವರು ಮಕ್ಕಳೂ ನಕ್ಕುಬಿಟ್ಟೆವು. ಅಮ್ಮಿ ನಗಲಿಲ್ಲ. ಬುರ್ಖಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತಿದ್ದರು.

ನಾವು ಎಂದರೆ ಭಾಯಿಜಾನ್, ಆಪಾ, ಕಥೆ ಬರೆಯುವ ಗೀಳು ಹತ್ತಿಸಿಕೊಂಡ ನಡುವಿನವರು, ಮತ್ತೆ ಕಿರಿಯ ತಂಗಿ. ಇಲ್ಲಿ ಹೇಳಹೊರಟಿರುವ ತಪ್ಪು ನಾಲ್ವರಿಗೂ ಸೇರಿದ್ದು. ಆದ್ದರಿಂದ ನಾಲ್ವರ ಪರವಾಗಿ ಬರೆಯುತ್ತಿದ್ದೇವೆ.

ನಮ್ಮ ಮನೆ ಇರುವುದು ಚಾಮರಾಜಪೇಟೆಯಲ್ಲಿ. 1892ರಲ್ಲಿ ಕಟ್ಟಿದ ಬಡಾವಣೆ, ಗೆರೆ ಎಳೆದಂತೆ ಮೇನ್ ರೋಡುಗಳು, ಅವನ್ನು ಕತ್ತರಿಸುವ ಕ್ರಾಸ್ ರೋಡುಗಳು. ಇಂಥ ನೇರ ಬೀದಿಗಳಲ್ಲಿ ಏನನ್ನೂ ಮುಚ್ಚಿಡಲಾಗದು ಎಂದೇ ನಾವು ನಂಬಿದ್ದೆವು. ಯಾರ ಮನೆ ಮುಂದೆ ಆಟೋ ನಿಂತಿತು, ಯಾರ ಮಗಳನ್ನು ನೋಡಲು ಯಾರು ಬಂದರು ಎಂಬುದು ಅಸರ್ ನಮಾಜಿನ ಹೊತ್ತಿಗೆ ಇಡೀ ಕ್ರಾಸಿಗೆ ಗೊತ್ತಾಗಿರುತ್ತದೆ. ಅಂಥ ಬೀದಿಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಬದುಕಿಯೂ ಒಬ್ಬ ಹೆಂಗಸು ತನ್ನ ಹೊಟ್ಟೆಯೊಳಗಿನ ಮಾತನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರಬಲ್ಲಳು ಎಂಬುದು ನಮಗೆ ಹೊಳೆದಿರಲಿಲ್ಲ.

ಮೊದಲು ರೋಗದ ಸಂಗತಿ ಹೇಳಿಬಿಡುತ್ತೇವೆ. 2022ರ ಕೊನೆಯಿಂದಲೇ ಅಮ್ಮಿಗೆ ಸುಸ್ತು ಶುರುವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸು ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ. ಸುಸ್ತಾಗದೆ ಇನ್ನೇನು ಎಂದುಕೊಂಡೆವು. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಹಾಗಾಗಿ ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದಾಗಲೂ ಅದು ಮಾತ್ರೆಯ ಕೆಲಸವೆಂದೇ ಅಮ್ಮಿ ಸುಮ್ಮನಿದ್ದರು. ಸುಮ್ಮನಿರದಿದ್ದರೂ, ಅದನ್ನು ಮಕ್ಕಳ ಮುಂದೆ ಹೇಗೆ ಹೇಳುವುದು? ಒಂದು ಬೆಳಗ್ಗೆ ವಜೂ ಮಾಡಿ ಏಳುವಾಗ ನಲ್ಲಿಯ ಪಕ್ಕದಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಒಳಗೆ ಎಲ್ಲೋ ರಕ್ತ ಸೋರುತ್ತಿದೆ ಎಂದರು.

ಬಾಯಿಯಿಂದ ಒಂದು ಸ್ಕೋಪು ಬಿಟ್ಟು ನೋಡಿದರು. ಜಠರ ಚೆನ್ನಾಗಿತ್ತು. ಕೆಳಗಿನಿಂದ ಇನ್ನೊಂದು ಬಿಟ್ಟು ನೋಡಿದರು. ದೊಡ್ಡ ಕರುಳೂ ಚೆನ್ನಾಗಿತ್ತು. ಹಾಗಾದರೆ ರಕ್ತ ಎಲ್ಲಿಂದ? ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಮೇಲಿನ ಸ್ಕೋಪು ಸಣ್ಣ ಕರುಳಿನ ಬಾಗಿಲವರೆಗೆ ಹೋಗುತ್ತದೆ. ಕೆಳಗಿನದು ಸಣ್ಣ ಕರುಳು ಮುಗಿಯುವ ಹೊಸ್ತಿಲವರೆಗೆ ಬರುತ್ತದೆ. ಎರಡರ ನಡುವೆ ಸುರುಳಿ ಸುತ್ತಿಕೊಂಡು ಮಲಗಿರುವ ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳು ಈ ಎರಡರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನೋಡುವುದಕ್ಕೇ ಈ ಕ್ಯಾಪ್ಸೂಲ್ ಎಂಡೋಸ್ಕೋಪಿ.

ಕ್ಯಾಪ್ಸೂಲು ಎಂದರೆ 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪದ ಒಂದು ಗುಳಿಗೆ. ತೂಕ ನಾಲ್ಕು ಗ್ರಾಮಿಗಿಂತ ಕಡಿಮೆ. ಅಷ್ಟರೊಳಗೇ ಕ್ಯಾಮೆರಾ, ಪುಟ್ಟ ದೀಪಗಳು, ಬ್ಯಾಟರಿ, ಚಿತ್ರ ಕಳಿಸುವ ಸಾಧನ. ಸೆಕೆಂಡಿಗೆ ಎರಡು ಚಿತ್ರವೆಂದರೂ ಎಂಟು ಗಂಟೆಗೆ ಐವತ್ತು ಸಾವಿರಕ್ಕೂ ಮೀರಿದ ಚಿತ್ರಗಳಾಗುತ್ತವೆ. ಹೊಟ್ಟೆಯ ಮೇಲೆ ಅಂಟಿಸಿದ ಅಥವಾ ಬೆಲ್ಟಿನಂತೆ ಕಟ್ಟಿದ ಸಾಧನಗಳು ಅವನ್ನು ಹಿಡಿದು ಸೊಂಟದ ರೆಕಾರ್ಡರಿಗೆ ತುಂಬುತ್ತವೆ. ಕ್ಷಿಪಣಿಗಳ ಕಣ್ಣು ರೂಪಿಸುವ ಕೆಲಸದಲ್ಲಿದ್ದ ಇಸ್ರೇಲಿನ ಎಂಜಿನಿಯರ್ ಗಾವ್ರಿಯೆಲ್ ಇದ್ದಾನ್ ಮತ್ತು ಲಂಡನ್ನಿನ ವೈದ್ಯ ಪಾಲ್ ಸ್ವೈನ್ ಮೊದಲಾದವರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಸಿಕ್ಕಿತು. ಗುರಿ ಹುಡುಕುವ ಕಣ್ಣಿನ ವಿದ್ಯೆ ಗಾಯ ಹುಡುಕುವುದಕ್ಕೂ ಒದಗಿ ಬಂದದ್ದು ಸಂತೋಷದ ವಿಷಯ.

ನಮಗೆ ಇದು ಪೂರ್ತಿ ಹೊಸದೇನೂ ಆಗಿರಲಿಲ್ಲ. ಎದುರು ಮನೆಯ ಟೀಚರಮ್ಮನ ಯಜಮಾನರು ಅದರ ಹಿಂದಿನ ವರ್ಷ ಇದನ್ನೇ ನುಂಗಿದ್ದರು. ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆ. ಎರಡು ಯಂತ್ರಗಳು ಒಳಗೇ ಜಗಳವಾಡಿಕೊಂಡರೆ ಏನು ಗತಿ ಎಂದು ಟೀಚರಮ್ಮ ನಮ್ಮ ಜಗಲಿಯಲ್ಲಿ ಕುಳಿತು ಅತ್ತಿದ್ದರು. ತಯಾರಕರ ಎಚ್ಚರಿಕೆಯ ಪಟ್ಟಿಯಲ್ಲಿ ಬಹಳ ಕಾಲ ಪೇಸ್‌ಮೇಕರಿನ ಹೆಸರಿತ್ತು. ಆದರೆ ಆಮೇಲೆ ನಡೆದ ಅಧ್ಯಯನಗಳಲ್ಲಿ ಇವೆರಡೂ ಒಂದನ್ನೊಂದು ಕೆಡಿಸಿದ್ದು ಕಾಣಲಿಲ್ಲವಾದ್ದರಿಂದ, ಹೃದಯದ ವೈದ್ಯರನ್ನು ಕೇಳಿಕೊಂಡು, ನಿಗಾ ಇಟ್ಟು ಮಾಡಿದರು. ಅವರು ನುಂಗಿದರು, ಮನೆಗೆ ಬಂದರು, ಸಂಜೆ ಸೊಂಟದ ರೆಕಾರ್ಡರನ್ನು ಸ್ವೆಟರಿನಲ್ಲಿ ಮುಚ್ಚಿಕೊಂಡು ಗಾಂಧಿ ಬಜಾರಿನವರೆಗೆ ಒಂದು ಸುತ್ತು ಹೋಗಿ ಬಂದರು. ವಿದ್ಯಾರ್ಥಿ ಭವನದ ಮುಂದೆ ಹಾದು ಹೋಗಿಯೂ ದೋಸೆ ತಿನ್ನದೆ ಬಂದದ್ದು ಜೀವನದಲ್ಲಿ ಅದೇ ಮೊದಲು ಎಂದು ಹೇಳಿಕೊಂಡು ನಕ್ಕರು. ಮಾರನೆಯ ದಿನ ಕ್ಯಾಪ್ಸೂಲು ತಾನಾಗಿ ಹೊರಗೆ ಬಿತ್ತು. ನಮ್ಮ ಕಣ್ಣಿಗೆ ಇದು ಅಷ್ಟು ಸುಲಭದ ಕೆಲಸವಾಗಿ ಕಂಡಿತ್ತು. ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ಅರಿವಳಿಕೆ ಇಲ್ಲ. ಬರೀ ನುಂಗುವುದು.

ಡಾಕ್ಟರಮ್ಮ ನಮ್ಮಷ್ಟು ಸುಲಭವಾಗಿ ತೆಗೆದುಕೊಳ್ಳಲಿಲ್ಲ. ಒಂದು ಹಾಳೆಯ ತುಂಬ ಪ್ರಶ್ನೆಗಳಿದ್ದವು. ನುಂಗಲು ತೊಂದರೆ ಇದೆಯೇ? ಪಾರ್ಶ್ವವಾಯು ಆಗಿದೆಯೇ? ಗಂಟಲಲ್ಲಿ ಹಿಡಿತವಿಲ್ಲದವರಿಗೆ ಕ್ಯಾಪ್ಸೂಲು ಅಪರೂಪಕ್ಕೆ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯಬಹುದಂತೆ. ಮರೆವಿನ ಕಾಯಿಲೆಯವರು ಅದನ್ನು ಜಗಿದುಬಿಟ್ಟರೆ ಒಡೆಯಬಹುದು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ? ಹಳೆಯ ಸಕ್ಕರೆ ಕಾಯಿಲೆಯಲ್ಲಿ ಜಠರ ಸೋಮಾರಿಯಾಗಿ, ಕ್ಯಾಪ್ಸೂಲು ಅಲ್ಲೇ ಕುಳಿತು, ಸಣ್ಣ ಕರುಳು ನೋಡುವ ಮೊದಲೇ ಬ್ಯಾಟರಿ ಮುಗಿಯಬಹುದು. ಅಂಥವರಿಗೆ ಸ್ಕೋಪಿನ ತುದಿಯಲ್ಲಿ ಸಿಕ್ಕಿಸಿ ಜಠರ ದಾಟಿಸಿ ಬಿಡುವುದೂ ಉಂಟು. ಎಂಆರ್‌ಐ ಮಾಡಿಸುವುದಿದೆಯೇ? ಭಾಯಿಜಾನ್ ಬೆಚ್ಚಿಬಿದ್ದರು, ಮಂಡಿಯ ಎಂಆರ್‌ಐಗೆ ಮುಂದಿನ ವಾರವೇ ದಿನ ಗೊತ್ತು ಮಾಡಿಸಿದ್ದರು. ಕ್ಯಾಪ್ಸೂಲಿನಲ್ಲಿ ಲೋಹವಿದೆ, ಅದು ಹೊರಬಿದ್ದದ್ದು ಖಾತ್ರಿಯಾಗುವವರೆಗೆ, ಕಾಣದಿದ್ದರೆ ಎಕ್ಸ್‌ರೇ ತೆಗೆದು ನೋಡುವವರೆಗೆ, ಆ ಕೋಣೆಯ ಹತ್ತಿರವೂ ಹೋಗುವಂತಿಲ್ಲ ಎಂದರು.

ನಾವೂ ನಮ್ಮ ಪ್ರಶ್ನೆಗಳನ್ನು ಕೇಳಿದೆವು. ಹೊರಗಿನ ಕವಚ ಜೆಲಾಟಿನ್‌ದೇ ಎಂದು ಆಪಾರ ಗಂಡ ಕೇಳಿದರು. ಔಷಧಿ ತುಂಬಿದ ಮಾಮೂಲಿ ಕ್ಯಾಪ್ಸೂಲುಗಳ ಕವಚ ಸಾಮಾನ್ಯವಾಗಿ ಪ್ರಾಣಿಗಳಿಂದ ಬಂದ ಜೆಲಾಟಿನ್ ಆಗಿರುವುದರಿಂದ ಅದು ಕೇಳತಕ್ಕ ಪ್ರಶ್ನೆಯೇ. ಇದು ಕರಗದ ಪ್ಲಾಸ್ಟಿಕ್, ಹೋದ ಹಾಗೇ ಹೊರಗೆ ಬರುತ್ತದೆ ಎಂದು ಉತ್ತರ ಬಂತು. ರಂಜಾನಿಗೆ ಇನ್ನು ಒಂದೇ ತಿಂಗಳು, ಈದ್ ಕಳೆದ ಮೇಲೆ ಮಾಡಿಸಬಹುದೇ ಎಂದು ಆಪಾ ಕೇಳಿದರು. ಸೋರುತ್ತಿರುವ ರಕ್ತ ಚಂದ್ರ ಕಾಣುವುದನ್ನು ಕಾಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹತ್ತು ಹನ್ನೆರಡು ಗಂಟೆ ಬರಿಹೊಟ್ಟೆಯಲ್ಲಿರಬೇಕು ಎಂದಾಗ ತಂಗಿ, "ನಮ್ಮ ಅಮ್ಮಿಗೆ ರೋಜಾ ಹೊಸದೇನಲ್ಲ" ಎಂದಳು. ಇದು ರೋಜಾ ಅಲ್ಲ. ಹಿಂದಿನ ದಿನ ಬರೀ ತಿಳಿ ದ್ರವ, ಸಂಜೆ ಕರುಳು ತೊಳೆಯುವ ಔಷಧಿಯ ನೀರು ಲೀಟರುಗಟ್ಟಲೆ ಕುಡಿಯಬೇಕು. ಕಬ್ಬಿಣದ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಕರುಳಿನ ಗೋಡೆ ಕಪ್ಪು ಬಳಿದಂತೆ ಕಾಣುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂದಿನಂತೆ ನುಂಗಿ ಬರಿಹೊಟ್ಟೆಯಲ್ಲಿದ್ದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು, ಅದನ್ನು ಡಾಕ್ಟರರೇ ಹೇಳಿದ ಹಾಗೆ ಬದಲಿಸಬೇಕು.

ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ. "ನಮಾಜು?" ರೆಕಾರ್ಡರ್ ಕಟ್ಟಿಕೊಂಡಿರುವಾಗ ಬಗ್ಗುವುದು, ಬಾಗುವುದು ಬೇಡವೆಂದು ಆಗಷ್ಟೇ ಹೇಳಿದ್ದರು. ಕುರ್ಚಿಯ ಮೇಲೆ ಕುಳಿತು ತಲೆಯ ಇಶಾರೆಯಲ್ಲೇ ರುಕೂ, ಸಜ್ದಾ ಮಾಡಿದರಾಯಿತು, ರೋಗಿಗೆ ಅಷ್ಟು ಸಡಿಲಿಕೆ ಇದೆ ಎಂದು ಭಾಯಿಜಾನ್ ಸಮಾಧಾನ ಹೇಳಿದರು. ಹೊಟ್ಟೆಯ ಮೇಲೆ ಸಾಧನಗಳನ್ನು ಅಂಟಿಸಲು ನರ್ಸಮ್ಮ ಬರುತ್ತಾರೆ ಎಂದು ಡಾಕ್ಟರಮ್ಮ ತಾವಾಗಿಯೇ ಹೇಳಿದರು.

ಆಮೇಲೆ ಮುಖ್ಯವಾದ ಪ್ರಶ್ನೆಗಳು ಬಂದವು. ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನೋವು ಬರುತ್ತದೆಯೇ? ಹೊಟ್ಟೆ ಉಬ್ಬಿ, ಗುಡುಗುಡು ಸದ್ದಾಗಿ, ಆಮೇಲೆ ಇಳಿಯುತ್ತದೆಯೇ? ನೋವಿನ ಮಾತ್ರೆಗಳನ್ನು ಬಹಳ ಕಾಲ ತಿಂದಿದ್ದಾರೆಯೇ? ಹೊಟ್ಟೆಯ ಆಪರೇಷನ್ ಆಗಿದೆಯೇ? ಕ್ಯಾನ್ಸರಿಗೆಂದು ಹೊಟ್ಟೆಗೆ ಕಿರಣ ಕೊಟ್ಟಿದ್ದಾರೆಯೇ? ಹಿಂದೆ ಯಾವಾಗಲಾದರೂ ಟಿ.ಬಿ. ಬಂದಿತ್ತೇ?

ಈ ಪ್ರಶ್ನೆಗಳ ಹಿಂದೆ ಇದ್ದದ್ದು ಒಂದೇ ಭಯ. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಕ್ಯಾಪ್ಸೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ಮೂರು ದಿನಗಳಲ್ಲಿ ಹೊರಬೀಳುವ ವಸ್ತು ಎರಡು ವಾರವಾದರೂ ಒಳಗೇ ಇದ್ದರೆ ಅದನ್ನು 'ಸಿಕ್ಕಿಕೊಂಡದ್ದು' ಎಂದು ಲೆಕ್ಕ. ರಕ್ತಸ್ರಾವದ ಕಾರಣ ಹುಡುಕಲು ನುಂಗಿದವರಲ್ಲಿ ಹೀಗಾಗುವುದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಕರುಳು ಕಿರಿದಾಗಿಸುವ ರೋಗವಿದ್ದವರಲ್ಲಿ ಇನ್ನೂ ಹೆಚ್ಚು. ಪಶ್ಚಿಮದ ದೇಶಗಳಲ್ಲಿ ಕ್ರೋನ್ಸ್ ಎಂಬ ರೋಗಕ್ಕೆ ಹೆದರುತ್ತಾರೆ. ನಮ್ಮಲ್ಲಿ ಅದರ ಜೊತೆಗೆ ಕರುಳಿನ ಕ್ಷಯವೂ ಇದೆ. ಅದು ವಾಸಿಯಾದ ಮೇಲೂ ಗಾಯದ ಕಲೆ ಕುಗ್ಗಿ ಕರುಳನ್ನು ಬಿಗಿದುಬಿಡಬಹುದು. ವರ್ಷಗಟ್ಟಲೆ ತಿಂದ ನೋವಿನ ಮಾತ್ರೆಗಳೂ ಸಣ್ಣ ಕರುಳಿನಲ್ಲಿ ಹುಣ್ಣು ಮಾಡಿ ತೆಳ್ಳನೆಯ ಅಡ್ಡಗೋಡೆಗಳನ್ನು ಎಬ್ಬಿಸಬಲ್ಲವು. ಸಿಕ್ಕಿಕೊಂಡ ಕ್ಯಾಪ್ಸೂಲು ಹೆಚ್ಚಿನವರಲ್ಲಿ ಕೂಡಲೇ ನೋವು ಕೊಡುವುದಿಲ್ಲ. ಆದರೆ ತಾನಾಗಿ ಜಾರದಿದ್ದರೆ ಉದ್ದನೆಯ ಸ್ಕೋಪಿನಿಂದ ಎಳೆಯಬೇಕು, ಅದೂ ಆಗದಿದ್ದರೆ ಹೊಟ್ಟೆ ಕುಯ್ಯಬೇಕು.

ಡಾಕ್ಟರಮ್ಮ ಪ್ರಶ್ನೆ ಕೇಳಿದ್ದು ಅಮ್ಮಿಯನ್ನು. ಉತ್ತರ ಕೊಟ್ಟದ್ದು ನಾವು. ಇದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅಮ್ಮಿ ಓದಿದ್ದು ಉರ್ದು. ಕನ್ನಡ ಮಾತಾಡುತ್ತಾರೆ, ಓದಲಾರರು. ಹಾಳೆಯಲ್ಲಿದ್ದದ್ದು ಕನ್ನಡ ಮತ್ತು ಇಂಗ್ಲಿಷು. ನಾವು ಉರ್ದುವಿಗೆ ತಿರುಗಿಸುತ್ತಾ, ಅವರಿಗೆ ತೊಂದರೆ ಕೊಡಬಾರದೆಂದು ನಾವೇ ಉತ್ತರಿಸುತ್ತಾ ಹೋದೆವು. ಊಟವಾದ ಮೇಲೆ ನೋವೇ? "ಸ್ವಲ್ಪ ಗ್ಯಾಸು, ಅಷ್ಟೇ" ಎಂದರು ಆಪಾ. ನೋವಿನ ಮಾತ್ರೆಯೇ? "ಯಾವಾಗಲೋ ಒಂದು" ಎಂದರು ಭಾಯಿಜಾನ್. ಟಿ.ಬಿ.? "ಇಲ್ಲ ಇಲ್ಲ ಮೇಡಂ, ನಮ್ಮ ಖಾಂದಾನಿನಲ್ಲೇ ಅದಿಲ್ಲ." ಈ ಮಾತು ನಾಲ್ವರ ಬಾಯಿಂದಲೂ ಒಟ್ಟಿಗೇ ಬಂತು. ಆ ಪ್ರಶ್ನೆಯನ್ನು ಅಮ್ಮಿಗೆ ತಿರುಗಿಸಿ ಹೇಳಲೂ ಇಲ್ಲ. ಅಮ್ಮಿ ತಮ್ಮ ಚಪ್ಪಲಿ ನೋಡುತ್ತಾ ಕುಳಿತಿದ್ದರು. ಟಿ.ಬಿ. ಎಂಬ ಎರಡಕ್ಷರ ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗುತ್ತದೆ ಎಂಬುದು ನಮಗೆ ತಟ್ಟಲಿಲ್ಲ.

ಹತ್ತಾರು ಸಾವಿರ ರೂಪಾಯಿಯ ಬಾಬತ್ತು. ಒಂದು ಸಲ ಮಾತ್ರ ಬಳಸುವ ವಸ್ತು. ಮುಂಗಡ ಕಟ್ಟಿ ದಿನ ಗೊತ್ತು ಮಾಡಿಕೊಂಡು ಬಂದೆವು.

ಪರೀಕ್ಷೆಗೆ ಎರಡು ದಿನ ಮೊದಲು, ಇಷಾ ನಮಾಜಿನ ನಂತರ, ಭಾಯಿಜಾನರ ಮಗಳು ಆ ಹಾಳೆ ಹಿಡಿದು ದಾದಿಯ ಮಂಚದ ಮೇಲೆ ಕುಳಿತಳು. ಮಲ್ಲೇಶ್ವರದಲ್ಲಿ ಕಾಲೇಜು ಓದುವ ಹುಡುಗಿ. ಹಾಳೆಯಲ್ಲಿ ರೋಗಿಯ ರುಜು ಬೀಳಬೇಕಿತ್ತು. ಓದದೆ ರುಜು ಮಾಡಬಾರದು ಎಂಬುದು ಅವಳ ಹಟ. ಒಂದೊಂದೇ ಪ್ರಶ್ನೆಯನ್ನು ನಮ್ಮ ಮನೆಮಾತಿಗೆ ತಿರುಗಿಸಿ, ಒಂದನ್ನೂ ಬಿಡದೆ ಓದಿದಳು. ಬಸುರಿಯೇ ಎಂಬ ಪ್ರಶ್ನೆಯನ್ನೂ ಕೇಳಿದಳು. ಅಜ್ಜಿ, ಮೊಮ್ಮಗಳು ಇಬ್ಬರೂ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಟಿ.ಬಿ.ಯ ಪ್ರಶ್ನೆ ಬಂತು. ಅಮ್ಮಿ ನಗುವುದನ್ನು ನಿಲ್ಲಿಸಿ, "ಬಾಗಿಲು ಹಾಕು" ಎಂದರು.

ಆಮೇಲೆ ಅವಳು ಬಂದು ನಮ್ಮನ್ನು ಕರೆದಳು. ಅಮ್ಮಿ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು.

1968. ಚನ್ನಪಟ್ಟಣದಲ್ಲಿ ಅವರ ತವರು. ಆಗ ಅಮ್ಮಿಗೆ ಹದಿನೇಳು. ತಿಂಗಳುಗಟ್ಟಲೆ ಸಂಜೆ ಜ್ವರ, ಹೊಟ್ಟೆಯಲ್ಲಿ ನೀರು, ತೂಕ ಇಳಿದು ಕಡ್ಡಿ. ಹೊಟ್ಟೆಯ ತಪೇದಿಕ್ ಎಂದರು. ಮಾಮೂ ಅವರನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆತಂದು ಖಾಲಾ ಮನೆಯಲ್ಲಿಟ್ಟರು. ಊರಿನಲ್ಲಿ, ಹೊಲಿಗೆ ಕಲಿಯಲು ಹೋಗಿದ್ದಾಳೆ ಎಂದು ಹೇಳಿದರು. ಆಗಿನ ಚಿಕಿತ್ಸೆ ಎಂದರೆ ತಿಂಗಳುಗಟ್ಟಲೆ ಸ್ಟ್ರೆಪ್ಟೊಮೈಸಿನ್ ಸೂಜಿ, ಅದರ ಮೇಲೆ ಮಾತ್ರೆಗಳು, ಒಂದೂವರೆ ವರ್ಷದಷ್ಟು ಕಾಲ. ಸೊಂಟದಲ್ಲಿ ಚುಚ್ಚಿಸಿಕೊಳ್ಳಲು ಜಾಗ ಉಳಿಯದಾಗ ಖಾಲಾ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದರಂತೆ. ವಾಸಿಯಾಯಿತು. ಜೊತೆಗೆ ಹೊಲಿಗೆಯನ್ನೂ ಕಲಿತರು, ಮಾತು ಸುಳ್ಳಾಗಬಾರದೆಂದು. 1970ರಲ್ಲಿ ಚಾಮರಾಜಪೇಟೆಯಿಂದ ರಿಶ್ತಾ ಬಂತು. ನಾನಿ ಕುರ್‌ಆನ್ ಮೇಲೆ ಕೈ ಇಡಿಸಲಿಲ್ಲ, ಬರೀ ತಮ್ಮ ಎರಡು ಕೈಗಳಲ್ಲಿ ಮಗಳ ಕೈ ಹಿಡಿದು, "ಯಾರಿಗೂ ಹೇಳಬೇಡ" ಎಂದರು. ಅಮ್ಮಿ ಹೇಳಲಿಲ್ಲ. ಅಬ್ಬಾ 2011ರಲ್ಲಿ ತೀರಿಕೊಂಡರು. ಅವರಿಗೂ ಹೇಳಿರಲಿಲ್ಲ.

"ತಂಗಿಯರಿಗೆ ಮದುವೆ ಆಗಬೇಕಿತ್ತು. ಆಮೇಲೆ ನಿಮ್ಮದು ಆಗಬೇಕಿತ್ತು. ಈಗ ಇವಳದು ಆಗಬೇಕಲ್ಲ ಬೇಟಾ" ಎಂದು ಮೊಮ್ಮಗಳ ತಲೆ ಸವರಿದರು.

ಈ ನಗರದಲ್ಲೇ 1959ರಿಂದ ರಾಷ್ಟ್ರೀಯ ಕ್ಷಯ ಸಂಸ್ಥೆ ಇದೆ. ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ರೂಪುಗೊಂಡದ್ದು ಅದರ ಸಂಶೋಧನೆಯ ಮೇಲೆ. ಅದೇ ನಗರದ ಒಂದು ಮನೆಯಲ್ಲಿ ಆ ರೋಗದ ಹೆಸರು ಮೂರು ತಲೆಮಾರಿನ ಮದುವೆಗಳಿಗೆ ಹೆದರಿ ಮೂಲೆಯಲ್ಲಿ ಅಡಗಿತ್ತು. ಹೊಟ್ಟೆಯ ಕ್ಷಯ ಶ್ವಾಸಕೋಶದ ಕ್ಷಯದಂತೆ ಕೆಮ್ಮಿನಿಂದ ಹರಡುವಂಥದ್ದಲ್ಲ. ವಂಶದಲ್ಲಿ ಇಳಿದು ಬರುವಂಥದ್ದೂ ಅಲ್ಲ. ಅದನ್ನು ಅಮ್ಮಿಗೆ ಐವತ್ತೈದು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಅವರು ಮೊದಲು ಕೇಳಬೇಕಿತ್ತಲ್ಲ.

ಆ ರಾತ್ರಿ ನಾವು ನಾಲ್ವರೂ ಅಡುಗೆಮನೆಯಲ್ಲಿ ಕುಳಿತು ನೆನಪುಗಳನ್ನು ಹೆಕ್ಕಿದೆವು. ಅಮ್ಮಿ ಎಂದೂ ಒಂದು ತಟ್ಟೆ ಬಿರಿಯಾನಿ ಪೂರ್ತಿ ತಿಂದವರಲ್ಲ. ನಾಲ್ಕು ತುತ್ತು ತಿಂದು ತಟ್ಟೆಯನ್ನು ನಮ್ಮ ಕಡೆ ಸರಿಸುತ್ತಿದ್ದರು. ತಾಯಿಯ ತ್ಯಾಗ ಎಂದು ನಾವು ಕಥೆಯಲ್ಲೂ ಬರೆದಿದ್ದೇವೆ. ಊಟವಾದ ಮೇಲೆ ಅವರ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಮಕ್ಕಳಾಗಿದ್ದಾಗ ಕಿವಿಯಿಟ್ಟು ಕೇಳಿ, "ಅಮ್ಮಿ ಹೊಟ್ಟೆಯಲ್ಲಿ ರೈಲು" ಎಂದು ನಗುತ್ತಿದ್ದೆವು. ನೋವು ಬಂದಾಗ ಜೀರಿಗೆ ಕಷಾಯ ಕುಡಿದು ಮೊಣಕಾಲು ಮಡಚಿ ಮಲಗುತ್ತಿದ್ದರು. ಗ್ಯಾಸು ಎಂದು ಹೆಸರಿಟ್ಟದ್ದು ನಾವೇ. ಬೀರುವಿನ ಕೆಳಗಿನ ಬಿಸ್ಕತ್ತಿನ ಡಬ್ಬಿಯನ್ನು ತಂಗಿ ತೆಗೆದು ನೋಡಿದರೆ ನೋವಿನ ಮಾತ್ರೆಯ ಖಾಲಿ ಪಟ್ಟಿಗಳು ತುಂಬಿದ್ದವು. ಮಂಡಿ ನೋವಿಗೆ ದಿನಕ್ಕೆರಡು, ಮೆಡಿಕಲ್ ಶಾಪಿನಿಂದ, ಚೀಟಿಯಿಲ್ಲದೆ. ತಂದುಕೊಡುತ್ತಿದ್ದವರು ನಾವೇ; ಒಬ್ಬರು ತಂದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಬೆಳಗ್ಗೆ ಭಾಯಿಜಾನ್ ಒಂದು ಮಾತು ಆಡಿದರು. ಅದನ್ನೂ ಬರೆಯಬೇಕು. "ಐವತ್ತೈದು ವರ್ಷದ ಹಿಂದಿನ ಮಾತು. ಹಣ ಕಟ್ಟಿಯಾಗಿದೆ. ಈಗ ಹೇಳಿ ಅಮ್ಮಿಯ ಮರ್ಯಾದೆ ಕಳೆಯುವುದೇ?" ನಾವು ಉಳಿದವರೂ ಒಂದು ಗಳಿಗೆ ಸುಮ್ಮನಾದೆವು. ಮೊಮ್ಮಗಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ಆ ಪ್ರಶ್ನೆಯ ಮುಂದೆ 'ಹೌದು' ಎಂಬಲ್ಲಿ ಆಗಲೇ ಗುರುತು ಬಿದ್ದಿತ್ತು. ಕೆಳಗೆ ಉರ್ದುವಿನಲ್ಲಿ ಅಮ್ಮಿಯ ರುಜು ಇತ್ತು.

ಡಾಕ್ಟರಮ್ಮ ಹಾಳೆ ನೋಡಿ, ನಮ್ಮನ್ನು ಹೊರಗೆ ಕಳಿಸಿ, ಮೊಮ್ಮಗಳನ್ನು ಮಾತ್ರ ಉಳಿಸಿಕೊಂಡು, ಅಮ್ಮಿಯ ಜೊತೆ ಅರ್ಧ ಗಂಟೆ ಮಾತಾಡಿದರು. ಕ್ಯಾಪ್ಸೂಲು ರದ್ದಾಯಿತು. ಪೊಟ್ಟಣ ಒಡೆದಿರಲಿಲ್ಲವಾದ್ದರಿಂದ ಹಣವೂ ವಾಪಸು ಬಂತು. "ಮೊದಲ ದಿನವೇ ನಾನು ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕಿತ್ತು" ಎಂದು ಅವರು ನಮಗೆ ಹೇಳಿದರು. ಹಾಗೆ ಹೇಳಿದ್ದು ಅವರ ದೊಡ್ಡತನ.

ಅನುಮಾನವಿದ್ದಾಗ ಬಳಸಲು ಇನ್ನೊಂದು ಗುಳಿಗೆಯೂ ಇದೆಯಂತೆ. ಗಾತ್ರದಲ್ಲಿ ಕ್ಯಾಪ್ಸೂಲಿನಷ್ಟೇ, ಒಳಗೆ ಕ್ಯಾಮೆರಾ ಇಲ್ಲ. ಹಾಲಿನ ಸಕ್ಕರೆ ಮತ್ತು ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ಸೇರಿಸಿ ಮಾಡಿದ್ದು. ದಾರಿ ಇದ್ದರೆ ಇಡಿಯಾಗಿ ಹೊರಬರುತ್ತದೆ, ಇಲ್ಲದಿದ್ದರೆ ಒಂದು ದಿನದ ಮೇಲೆ ತಾನೇ ಕರಗಲು ತೊಡಗುತ್ತದೆ. ದೊಡ್ಡವರು ಹೊಳೆ ದಾಟುವ ಮೊದಲು ಕೋಲು ಊರಿ ಆಳ ನೋಡುತ್ತಾರಲ್ಲ, ಹಾಗೆ. ಅದು ಎಲ್ಲ ಕಡೆ ಸಿಗುವುದಿಲ್ಲ. ಅಮ್ಮಿಯ ವಿಷಯದಲ್ಲಿ ಅದಕ್ಕೂ ಕಾಯದೆ ಕರುಳಿನ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಒಂದು ಕಡೆ ದಾರಿ ಬಿಗಿದುಕೊಂಡು, ಅದರ ಹಿಂದಿನ ಕರುಳು ಉಬ್ಬಿಕೊಂಡಿತ್ತು. ಕ್ಯಾಪ್ಸೂಲು ನುಂಗಿದ್ದರೆ ಅಲ್ಲಿಗೆ ಬಂದು ನಿಲ್ಲುವ ಸಾಧ್ಯತೆ ಬಹಳವಿತ್ತು ಎಂದರು.

ಆಮೇಲೆ ಬಲೂನು ಕಟ್ಟಿದ ಉದ್ದನೆಯ ಸ್ಕೋಪನ್ನು ಕೆಳಗಿನಿಂದ ಬಿಟ್ಟರು. ಜಪಾನಿನ ಹಿರೋನೊರಿ ಯಮಾಮೊಟೊ 2001ರಲ್ಲಿ ಪ್ರಕಟಿಸಿದ ವಿಧಾನವಂತೆ. ಇದಕ್ಕೆ ಅರಿವಳಿಕೆ ಬೇಕು, ಶ್ರಮ ಹೆಚ್ಚು. ಆದರೆ ಕ್ಯಾಪ್ಸೂಲಿನಂತೆ ಬರೀ ನೋಡಿ ಬರುವುದಲ್ಲ, ತುಣುಕು ತೆಗೆಯಬಲ್ಲದು, ಬಿಗಿದದ್ದನ್ನು ಹಿಗ್ಗಿಸಬಲ್ಲದು. ಬಿಗಿದ ಜಾಗದ ಪಕ್ಕದಲ್ಲಿ ರಕ್ತ ಜಿನುಗುವ ಹುಣ್ಣುಗಳಿದ್ದವು. ತುಣುಕಿನಲ್ಲಿ ಕ್ಯಾನ್ಸರ್ ಇರಲಿಲ್ಲ, ಕ್ಷಯವೂ ಇರಲಿಲ್ಲ. ಬಿಗಿತ 1968ರ ಕಲೆಯದೋ, ಬಿಸ್ಕತ್ತಿನ ಡಬ್ಬಿಯ ಮಾತ್ರೆಗಳದೋ, ಎರಡರದ್ದೂ ಕೂಡಿಯೋ, ಖಚಿತವಾಗಿ ಹೇಳಲಾಗದು ಎಂದರು. ಜಾಗವನ್ನು ಹಿಗ್ಗಿಸಿದರು. ನೋವಿನ ಮಾತ್ರೆ ನಿಂತಿತು. ಕಬ್ಬಿಣವನ್ನು ಸೂಜಿಯ ಮೂಲಕ ಕೊಟ್ಟರು. ಆ ರಂಜಾನಿನಲ್ಲಿ ಅಮ್ಮಿ ರೋಜಾ ಹಿಡಿಯಲಿಲ್ಲ. ಈದಿನ ಹೊತ್ತಿಗೆ ಯಾರ ಕೈ ಹಿಡಿಯದೆ ಮೆಟ್ಟಿಲು ಹತ್ತಿದರು.

ಕ್ಯಾಪ್ಸೂಲಿನ ಬಗ್ಗೆ ಹೆದರಿಕೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಎದುರು ಮನೆಯವರಿಗೆ ಅದರಿಂದ ಒಳ್ಳೆಯದೇ ಆಯಿತು. ಹೆಚ್ಚಿನವರಿಗೆ ಅದು ನಿರಪಾಯದ ಪರೀಕ್ಷೆ. ಕೆಲವೊಮ್ಮೆ ಸಿಕ್ಕಿಕೊಂಡ ಕ್ಯಾಪ್ಸೂಲೇ ರೋಗದ ಜಾಗವನ್ನು ಬೆರಳಿಟ್ಟು ತೋರಿಸಿದ್ದೂ ಇದೆ. ನಮ್ಮ ಮಾರ್ಕೆಟ್ ಪಕ್ಕದ, 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈಗ ಹೊಟ್ಟೆ ಕರುಳಿನ ರೋಗಗಳಿಗೆಂದೇ ಸರಕಾರಿ ಸಂಸ್ಥೆಯಿದೆ. ವೈದ್ಯ ವಿದ್ಯೆ ನಮ್ಮ ಬೀದಿಯ ಹತ್ತಿರಕ್ಕೇ ಬಂದಿದೆ. ಆದರೆ ಯಾರು ನುಂಗಬಹುದು, ಯಾರು ನುಂಗಬಾರದು ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ರೋಗಿ ಕೊಡುವ ಉತ್ತರಗಳ ಮೇಲೆ ವೈದ್ಯರು ತೀರ್ಮಾನಿಸುತ್ತಾರೆ. ನಮ್ಮ ಮನೆಗಳಲ್ಲಿ ವಯಸ್ಸಾದ ಹೆಂಗಸರ ಪರವಾಗಿ ಉತ್ತರ ಕೊಡುವವರು ಗಂಡ, ಮಗ, ಅಳಿಯ, ಮಗಳು. ಪ್ರೀತಿಯಿಂದಲೇ ಕೊಡುತ್ತೇವೆ. ಆಕೆಗೆ ಏನು ಗೊತ್ತು ಎಂ್ದುಕೊಂಡು ಕೊಡುತ್ತೇವೆ. ಬಾಯಿಲ್ಲದ ಹೆಂಗಸರ ಬಗ್ಗೆ ಹತ್ತಾರು ಕಥೆ ಬರೆದು, ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡ ನಾವು ಕೂಡ ಆ ದಿನ ಅಮ್ಮಿಯ ಬಾಯಿಗೆ ಅಡ್ಡ ಕುಳಿತಿದ್ದೆವು.

ಮೊಮ್ಮಗಳು ಒಂದು ಕೆಲಸ ಮಾಡಿದ್ದಾಳೆ. ದಾದಿಯನ್ನು ಕೂರಿಸಿಕೊಂಡು, ಅವರಿಗೆ ಬಂದ ರೋಗಗಳು, ತಿಂದ ಮಾತ್ರೆಗಳು, ಆದ ಬಾಣಂತನಗಳು, ಎಲ್ಲವನ್ನೂ ವರ್ಷದ ಸಮೇತ ಒಂದು ಹಾಳೆಯಲ್ಲಿ ಬರೆದಿದ್ದಾಳೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು. ಅಮ್ಮಿ ಅದನ್ನು ಮಡಚಿ ತಮ್ಮ ಬಟುವಿನಲ್ಲಿ, ಎಲೆ ಅಡಿಕೆಯ ಜೊತೆ ಇಟ್ಟುಕೊಂಡಿದ್ದಾರೆ. ಹೋದ ಸಲ ಆಸ್ಪತ್ರೆಗೆ ಹೋದಾಗ ಭಾಯಿಜಾನ್ ಅಭ್ಯಾಸಬಲದಿಂದ ಅದಕ್ಕೆ ಕೈ ಚಾಚಿದರು. ಅಮ್ಮಿ ಕೊಡಲಿಲ್ಲ. ತಾವೇ ಎದ್ದು ಹೋಗಿ, ಹಾಳೆಯ ಮಡಿಕೆ ಬಿಡಿಸಿ, ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟರು.